ಬೀಗರ ಊಟಕ್ಕೆ ಬಂದವರನ್ನು ಕ್ಷೇಮವಾಗಿ ಮನೆ ಮುಟ್ಟಿಸುವ ಬಗೆ

ಮಂಡ್ಯ, ಮೈಸೂರು, ರಾಮನಗರದ ಕಡೆ ಮದುವೆಯಾದ ಮೇಲೆ ನಡೆಯುವ ಬೀಗರ ಊಟದಲ್ಲಿ ಬಾಡೂಟದ ಜೊತೆಗೆ ಮದ್ಯವನ್ನೂ ಇಡುವ ಮನೆಗಳು ಬಹಳ. ಎಷ್ಟು ಜನಕ್ಕೆ ಎಲೆ ಹಾಕಬೇಕು, ಎಷ್ಟು ಕೆ.ಜಿ. ಮಟನ್ ತರಿಸಬೇಕು ಎಂದು ವಾರಗಳ ಮೊದಲೇ ಲೆಕ್ಕ ಹಾಕುವ ಮನೆಯವರು, ಕುಡಿದ ನೆಂಟರು ಊರು ಸೇರುವುದು ಹೇಗೆ ಎಂಬುದನ್ನು ಮಾತ್ರ ಅವರವರಿಗೇ ಬಿಟ್ಟುಬಿಡುತ್ತಾರೆ. ಕರೆದು ಕುಡಿಸಿದವರೇ ಆ ಹೊಣೆಯನ್ನು ಹೊರಬೇಕು, ಅದೂ ಮೊದಲ ಗ್ಲಾಸ್ ತುಂಬುವ ಮುನ್ನವೇ. ಏಕೆಂದರೆ ಕೈಕಾಲು ತಡವರಿಸುವುದಕ್ಕೆ ಬಹಳ ಮೊದಲೇ ಮದ್ಯವು ವಿವೇಚನೆಯನ್ನು ಮಂಕಾಗಿಸುತ್ತದೆ. "ನನಗೇನೂ ಆಗಿಲ್ಲ, ಆರಾಮಾಗಿ ಓಡಿಸ್ತೀನಿ" ಎನ್ನುವವರು ಆ ಮಾತನ್ನು ನಿಜವೆಂದು ನಂಬಿಯೇ ಹೇಳುತ್ತಿರುತ್ತಾರೆ.

ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಪ್ರಕಾರ ಚಾಲಕನ 100 ಮಿ.ಲೀ. ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇರಕೂಡದು. ಸುಮಾರು 60 ಕೆ.ಜಿ. ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ 60 ಮಿ.ಲೀ. ವಿಸ್ಕಿ ಕುಡಿದರೂ ಈ ಮಟ್ಟ ಅಂದಾಜು 50 ಮಿಲಿಗ್ರಾಂ ಮುಟ್ಟಬಹುದು. ಅಂದರೆ "ಒಂದೇ ಒಂದು ನೈಂಟಿ" ಎಂಬ ಸಮಾಧಾನಕ್ಕೆ ಇಲ್ಲಿ ಜಾಗವಿಲ್ಲ. ಮೊದಲ ಸಲ ಸಿಕ್ಕಿಬಿದ್ದರೆ ಆರು ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು, 15,000 ರೂಪಾಯಿ ದಂಡ, ಅಥವಾ ಎರಡೂ. ಅದೇ ಕಾಯ್ದೆಯ 188ನೇ ಕಲಮು ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವರಿಗೂ ಅದೇ ಶಿಕ್ಷೆಯನ್ನು ಹೇಳುತ್ತದೆ ಎಂಬುದು ಊಟ ಹಾಕಿಸುವವರಿಗೆ ಗೊತ್ತಿರಬೇಕಾದ ಸಂಗತಿ.

ಆಹ್ವಾನಿಸುವಾಗಲೇ ವಾಹನದ ಮಾತು ಆಡಿಬಿಡಿ. ಒಂದೇ ದಿಕ್ಕಿನಿಂದ ಬರುವ ನೆಂಟರ ಊರುಗಳನ್ನು ಬರೆದುಕೊಂಡು, ಆ ದಾರಿಗೆ ಒಂದು ಟಿ.ಟಿ. (ಟೆಂಪೋ ಟ್ರಾವೆಲರ್) ಅಥವಾ ಮಿನಿ ಬಸ್ ಗೊತ್ತುಮಾಡಿದರೆ ಹತ್ತಾರು ಬೈಕುಗಳು ರಸ್ತೆಗಿಳಿಯುವುದು ತಪ್ಪುತ್ತದೆ. ಜನ ಹೆಚ್ಚಿದ್ದರೆ ಕೆ.ಎಸ್.ಆರ್.ಟಿ.ಸಿ. ಬಸ್ಸನ್ನೇ ಬಾಡಿಗೆಗೆ ಪಡೆಯಬಹುದು. ಕಾರಿನಲ್ಲೇ ಬರುತ್ತೇವೆ ಎನ್ನುವವರಿಗಾಗಿ ನಿಮ್ಮ ಖರ್ಚಿನಲ್ಲೇ ಅವರ ಕಾರನ್ನೇ ಓಡಿಸಿಕೊಡುವ ಇಬ್ಬರು ಮೂವರು ಆಕ್ಟಿಂಗ್ ಡ್ರೈವರ್‌ಗಳನ್ನು ಸಂಜೆಯವರೆಗೆ ಇರಿಸಿಕೊಳ್ಳಿ. ಈ ಖರ್ಚು ಮದ್ಯದ ಖರ್ಚಿನ ಒಂದು ಭಾಗವೆಂದೇ ತಿಳಿಯಬೇಕು; ಅದಕ್ಕೆ ಹಣ ಸಾಲದಿದ್ದರೆ ಬಾಟಲಿಗಳನ್ನು ಕಡಿಮೆ ಮಾಡುವುದೇ ಸರಿ.

ಇನ್ನು ಚಾಲಕರ ವಿಷಯ. ನಮ್ಮ ಕಡೆ ಬಾಡಿಗೆ ಗಾಡಿಯ ಚಾಲಕನನ್ನು "ನೋಡಿಕೊಳ್ಳುವುದು" ಎಂದರೆ ಬಟ್ಟಾ ಕೊಟ್ಟು, ಊಟದ ಜೊತೆ ಒಂದು ಕ್ವಾರ್ಟರನ್ನೂ (180 ಮಿ.ಲೀ. ಮದ್ಯ) ಕೈಗಿಡುವುದು ಎಂಬ ರೂಢಿ ಬೆಳೆದಿದೆ. ಕೊಡುವವರ ಮನಸ್ಸು ಒಳ್ಳೆಯದೇ, ಆದರೆ ಇಪ್ಪತ್ತು ಜನರ ಪ್ರಾಣ ಕೈಯಲ್ಲಿ ಹಿಡಿದವನಿಗೆ ಇದಕ್ಕಿಂತ ಕೆಟ್ಟ ಉಪಚಾರ ಬೇರೊಂದಿಲ್ಲ. ಚಾಲಕರಿಗೆ ಮೊದಲ ಪಂಕ್ತಿಯಲ್ಲೇ ಹೊಟ್ಟೆ ತುಂಬ ಬಡಿಸಿ, ಮದ್ಯ ಇಟ್ಟಿರುವ ಜಾಗದಿಂದ ದೂರದಲ್ಲಿ ಚಾಪೆ, ಫ್ಯಾನು ಇರುವ ಕೋಣೆಯೊಂದನ್ನು ಬಿಟ್ಟುಕೊಡಿ. ಬಟ್ಟಾವನ್ನು ಸ್ವಲ್ಪ ಹೆಚ್ಚಿಸಿ, ಕುಡಿಯಕೂಡದು ಎಂಬ ಮಾತನ್ನು ಗಾಡಿ ಗೊತ್ತುಮಾಡುವಾಗಲೇ ಮಾಲೀಕರ ಎದುರು ಹೇಳಿಬಿಡಿ. ಯಾರಾದರೂ ಹುಡುಗರು ಪ್ರೀತಿಯಿಂದ ಒಳಗೊಳಗೇ ಸುರಿದುಕೊಡದಂತೆ ಒಬ್ಬರು ಕಣ್ಣಿಟ್ಟಿರಬೇಕಾಗುತ್ತದೆ.

ಕುಡಿದವರು ಗಾಡಿ ಏರದಂತೆ, ಬಂದ ಕೂಡಲೇ ನೆಂಟರಿಂದ ಕೀ ಇಸಿದುಕೊಳ್ಳುವ ಕೆಲಸಕ್ಕೆ ಮುಯ್ಯಿ ಬರೆಯುವವರಿಗಿಂತ ಯೋಗ್ಯರು ಸಿಗುವುದು ಕಷ್ಟ. ಬಂದವರೆಲ್ಲ ಆ ಮೇಜಿನ ಮುಂದೆ ನಿಲ್ಲಲೇಬೇಕು, ಅಲ್ಲಿ ಕೂತವರು ಹಣ ಎಣಿಸುವವರಾದ್ದರಿಂದ ಕುಡಿದಿರುವುದಿಲ್ಲ, ಊರಿನಲ್ಲಿ ಅವರ ಮಾತಿಗೆ ಬೆಲೆಯೂ ಇರುತ್ತದೆ. ಪುಸ್ತಕದಲ್ಲಿ ಹೆಸರಿನ ಪಕ್ಕ ಗಾಡಿಯ ನಂಬರ್ ಬರೆದು, ಅದೇ ನಂಬರಿನ ಚೀಟಿಯನ್ನು ಕೀಗೆ ದಾರದಿಂದ ಕಟ್ಟಿ, ಮುಚ್ಚಳವಿರುವ ಸ್ಟೀಲ್ ಡಬ್ಬದಲ್ಲಿ ಹಾಕಿಡಲಿ. "ಜಾಗ ಇಕ್ಕಟ್ಟು, ಗಾಡಿ ಸರಿಸಬೇಕಾಗುತ್ತೆ" ಎಂದು ಹೇಳಿ ಎಲ್ಲರಿಂದಲೂ ಕೀ ಪಡೆದರೆ ಯಾರಿಗೂ ಅವಮಾನವೆನಿಸುವುದಿಲ್ಲ. ಹೊರಡುವಾಗ ಕೀ ಕೇಳಲು ಬಂದವರೊಡನೆ ಎರಡು ನಿಮಿಷ ಮಾತಾಡಿದರೆ ಅವರ ಸ್ಥಿತಿ ತಿಳಿಯುತ್ತದೆ.

ಕೀ ಕೊಡುವುದಿಲ್ಲ ಎಂದು ಹೇಳುವವರು ಯಾರು ಎಂಬುದರ ಮೇಲೆ ಜಗಳವಾಗುವುದೂ ಆಗದಿರುವುದೂ ನಿಂತಿದೆ. ಬೀಗರ ಕಡೆಯ ಹಿರಿಯರಿಗೆ ನಿಮ್ಮ ಮನೆಯ ಹುಡುಗ ಹೇಳಿದರೆ ಅದು ಮರ್ಯಾದೆಯ ಪ್ರಶ್ನೆಯಾಗುತ್ತದೆ. ಅವರ ಭಾವನೋ ಸೋದರಮಾವನೋ ಹೆಗಲ ಮೇಲೆ ಕೈಯಿಟ್ಟು, "ಗಾಡಿ ಇಲ್ಲೇ ಇರ್ಲಿ ಭಾವ, ನಾಳೆ ನಾನೇ ತಂದು ನಿಮ್ಮ ಮನೆ ಮುಂದೆ ನಿಲ್ಲಿಸ್ತೀನಿ" ಎಂದರೆ ಬಹುತೇಕರು ಒಪ್ಪುತ್ತಾರೆ. ವಾದಕ್ಕಿಳಿಯಬೇಡಿ, ನಾಲ್ಕು ಜನರ ಮುಂದೆ ಹೇಳಬೇಡಿ. ತಂದೆ ಕುಡಿದಿದ್ದಾರೆಂದು ಹದಿನಾರರ ಮಗನ ಕೈಗೆ ಕೀ ಕೊಡುವುದೂ ಪರಿಹಾರವಲ್ಲ. ಅಪ್ರಾಪ್ತನು ವಾಹನ ಓಡಿಸಿದರೆ ಪೋಷಕರು ಅಥವಾ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು ಮತ್ತು 25,000 ರೂಪಾಯಿ ದಂಡವಿದೆ. ಪೂರ್ತಿ ಅಮಲಿನಲ್ಲಿರುವವರನ್ನು ಬೈಕಿನ ಹಿಂದೆ ಕೂರಿಸಿ ಕಳಿಸುವುದೂ ಅಷ್ಟೇ ಅಪಾಯ, ಹಳ್ಳದಲ್ಲಿ ಒಮ್ಮೆ ಗಾಡಿ ಎಗರಿದರೆ ಅವರು ಹಿಡಿತ ತಪ್ಪಿ ಬೀಳುತ್ತಾರೆ.

ಮಜ್ಜಿಗೆ, ನಿಂಬೆಹಣ್ಣು, ಕಾಫಿ, ತಣ್ಣೀರಿನ ಸ್ನಾನ ಯಾವುದೂ ರಕ್ತದಲ್ಲಿರುವ ಮದ್ಯವನ್ನು ಬೇಗ ಇಳಿಸುವುದಿಲ್ಲ.

ಇಷ್ಟಾದರೂ ಒಬ್ಬರು ಹೊರಟೇಬಿಟ್ಟರೆ ಸುಮ್ಮನಿರಬೇಡಿ. ಕತ್ತಲಲ್ಲಿ ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು, ಬಣ್ಣ ಬಳಿಯದ ಹಂಪು, ತಡೆಗೋಡೆಯಿಲ್ಲದ ನಾಲೆ ಏರಿ ಇವೆಲ್ಲ ಅವರ ದಾರಿಯಲ್ಲಿವೆ; 60 ಕಿ.ಮೀ. ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ, ಬ್ರೇಕಿನ ಮೇಲೆ ಕಾಲಿಡಲು ಒಂದು ಸೆಕೆಂಡ್ ತಡವಾದರೂ ಅಷ್ಟು ದೂರ ಕೈತಪ್ಪುತ್ತದೆ. ಗಾಡಿಯಲ್ಲಿ ಜೊತೆಗಿರುವವರಿಗೆ ಫೋನ್ ಮಾಡಿ ನಿಲ್ಲಿಸಲು ಹೇಳಿ, ಓಡಿಸುತ್ತಿರುವವರಿಗೇ ಕರೆ ಮಾಡಬೇಡಿ. ಆಗಲಿಲ್ಲವೆಂದರೆ 112ಕ್ಕೆ ಗಾಡಿಯ ನಂಬರ್ ಮತ್ತು ದಾರಿ ತಿಳಿಸಿ. ನೆಂಟಸ್ತನ ಕೆಡುತ್ತದೆಂಬ ಅಳುಕು ಸಹಜ, ಆದರೆ ಎದುರಿನಿಂದ ಬರುವ ಬೈಕಿನಲ್ಲೂ ಯಾರದೋ ಮನೆಯವರಿರುತ್ತಾರೆ.

ರಾತ್ರಿ ಉಳಿದವರ ಕೀಗಳನ್ನು ಬೆಳಗಾಯಿತೆಂದು ತಕ್ಷಣ ಹಿಂದಿರುಗಿಸಬಾರದು. ಒಂದು ಕ್ವಾರ್ಟರ್ ಕುಡಿದ 60 ಕೆ.ಜಿ. ತೂಕದವರ ರಕ್ತದಲ್ಲಿ ಮದ್ಯದ ಮಟ್ಟ ಸುಮಾರು 150 ಮಿಲಿಗ್ರಾಂವರೆಗೂ ಏರಬಹುದು, ಅದು ಗಂಟೆಗೆ ಅಂದಾಜು 15ರಂತೆ ಮಾತ್ರ ಇಳಿಯುತ್ತದೆ. ಹೀಗಾಗಿ ರಾತ್ರಿ ಹನ್ನೊಂದಕ್ಕೆ ಕುಡಿದು ಮಲಗಿದವರು ಬೆಳಗ್ಗೆ ಆರಕ್ಕೆ ಎದ್ದಾಗಲೂ ಕಾನೂನಿನ ಮಿತಿಯನ್ನು ಮೀರಿಯೇ ಇರುತ್ತಾರೆ. ಅವರಿಗೆ ತಿಂಡಿ ಕೊಟ್ಟು, ಇನ್ನೊಂದಿಷ್ಟು ಹೊತ್ತು ಮಲಗಿಸಿ, ಮಧ್ಯಾಹ್ನದ ಊಟ ಮುಗಿದ ಮೇಲೆ ಕೀ ಕೊಡಿ. ಅಷ್ಟರೊಳಗೆ ಕೆಲಸಕ್ಕೆ ಹೋಗಲೇಬೇಕಾದವರನ್ನು ಬಸ್ ಸ್ಟಾಂಡಿಗೆ ಬಿಟ್ಟುಬರಲು ಕುಡಿಯದ ಒಬ್ಬರು ಮನೆಯಲ್ಲಿರಲಿ.