ಅಳು ಬಂದ ಪುಟಕ್ಕೆ ಮತ್ತೆ ಹೋಗುವುದು ಹೇಗೆ

ಜನಾಂಗಭೇದದ ಕುರಿತ ಕಾದಂಬರಿ ಓದಿ ಕಣ್ಣು ಒದ್ದೆಯಾದರೆ ಪುಸ್ತಕ ಮುಚ್ಚಬೇಡಿ. ಅತ್ತದ್ದು ಯಾರಿಗಾಗಿ ಎಂದು ಕೇಳಿಕೊಳ್ಳಿ. ಮಾರ್ಕ್ ಟ್ವೇನ್‌ನ ‘ಹಕಲ್‌ಬೆರಿ ಫಿನ್’ ಓದಿ ನಾನು 14ನೇ ವಯಸ್ಸಿನಲ್ಲಿ ಅತ್ತಿದ್ದೆ. ತಪ್ಪಿಸಿಕೊಂಡು ಬಂದ ಗುಲಾಮ ಜಿಮ್‌ಗಾಗಿ ಅಲ್ಲ, ಅವನಿಗೆ ನೆರವಾಗುವ ಬಿಳಿಯ ಹುಡುಗ ಹಕ್‌ನ ಒಳ್ಳೆಯತನಕ್ಕಾಗಿ. ಇದು ಗೊತ್ತಾಗಲು ನನಗೆ 20 ವರ್ಷ ಹಿಡಿಯಿತು. ನಿಮಗೆ ಅಷ್ಟು ಹಿಡಿಯಬೇಕಿಲ್ಲ.

ಮೊದಲ ಓದು ಕಥೆಗೆ ಮೀಸಲು. ಎರಡನೆಯದಕ್ಕೆ ಪೆನ್ಸಿಲ್ ಹಿಡಿಯಿರಿ. ಕಥೆ ಹೇಳುವವನ ಮಾತು, ನಡತೆ ಎಲ್ಲಿ ಬೇರೆಯಾಗುತ್ತವೋ ಅಲ್ಲಿ ಗೆರೆ ಎಳೆಯಿರಿ. 31ನೇ ಅಧ್ಯಾಯ ನೋಡಿ. ಜಿಮ್ ಎಲ್ಲಿದ್ದಾನೆಂದು ಅವನ ಒಡತಿಗೆ ಹಕ್ ಪತ್ರ ಬರೆಯುತ್ತಾನೆ. ಬರೆದೊಡನೆ ಪಾಪ ತೊಳೆದುಹೋದಂತೆ ಹಗುರಾಗುತ್ತಾನೆ. ಆಮೇಲೆ, ತನ್ನನ್ನು ಎಬ್ಬಿಸದೆ ತನ್ನ ಪಾಳಿಯ ಕಾವಲನ್ನೂ ಜಿಮ್ ತಾನೇ ಕಾಯುತ್ತಿದ್ದುದು ನೆನಪಾಗಿ, ನರಕಕ್ಕೇ ಹೋಗುತ್ತೇನೆಂದು ಪತ್ರ ಹರಿಯುತ್ತಾನೆ. ಗುಲಾಮಗಿರಿ ತಪ್ಪೆಂದು ಅವನಿಗೆ ಹೊಳೆಯುವುದೇ ಇಲ್ಲ. ಪಾಪ ಮಾಡುತ್ತಿದ್ದೇನೆಂದೇ ನಂಬಿ ಸರಿಯಾದದ್ದನ್ನು ಮಾಡುತ್ತಾನೆ. ಅಂಚಿನಲ್ಲಿ ಬರೆದುಕೊಳ್ಳಿ: ಇವನ ಅಂತಃಸಾಕ್ಷಿಗೆ ಪಾಠ ಹೇಳಿಕೊಟ್ಟವರು ಯಾರು? ನನ್ನದಕ್ಕೆ?

ಅಲ್ಲಿಗೇ ನಿಲ್ಲಿಸಿದರೆ ಹಕ್ ವೀರನಾಗಿಬಿಡುತ್ತಾನೆ. ಮುಂದಿನ ಅಧ್ಯಾಯದಲ್ಲೇ ಅವನು ಹಡಗಿನ ಅಪಘಾತವೊಂದನ್ನು ಕಟ್ಟಿ ಹೇಳುತ್ತಾನೆ. ಯಾರಿಗಾದರೂ ಪೆಟ್ಟಾಯಿತೇ ಎಂದು ಕೇಳಿದರೆ, ಇಲ್ಲ, ಒಬ್ಬ ಕರಿಯ ಸತ್ತ ಎನ್ನುತ್ತಾನೆ. (ಮೂಲದ ಶಬ್ದ ಇನ್ನೂ ಕೀಳಾದದ್ದು.) ಕೇಳಿದಾಕೆಗೆ ಸಮಾಧಾನವಾಗುತ್ತದೆ. ಅವಳನ್ನು ನಂಬಿಸಲು ಅವಳ ಭಾಷೆ ಆಡಿದನೋ, ಅವನದೂ ಅದೇ ಭಾಷೆಯಾಗಿತ್ತೋ? ನಾನಂತೂ ಎರಡು ಸಲ ಪಕ್ಷ ಬದಲಿಸಿದ್ದೇನೆ. ಗೆಳೆಯರೊಂದಿಗೆ ಓದುತ್ತಿದ್ದರೆ ಚರ್ಚೆಯನ್ನು ಇಲ್ಲಿಂದಲೇ ಆರಂಭಿಸಿ.

ಹಣದ ಅಂಕಿಗಳಿಗೂ ಗುರುತು ಹಾಕಿ. ಜಿಮ್‌ನನ್ನು ಮಾರುವ ಆಸೆ ಒಡತಿಗೆ ಹುಟ್ಟಿದ್ದು 800 ಡಾಲರ್‌ಗೆ. ದಾರಿಯಲ್ಲಿ ಹಕ್, ಜಿಮ್ ಇಬ್ಬರ ಜೊತೆ ಸೇರಿಕೊಂಡ ಮೋಸಗಾರರು ಅವನನ್ನು ಬಿಟ್ಟುಕೊಟ್ಟದ್ದು 40ಕ್ಕೆ.

ಕೊನೆಯ ಕೆಲಸ ಕಷ್ಟದ್ದು. ಯಾರ ಬಾಯಿಂದ ಕಥೆ ಬರುತ್ತಿಲ್ಲವೋ ಅವರ ಮಾತಿನಲ್ಲಿ ಅರ್ಧ ಪುಟ ಬರೆಯಿರಿ. 2024ರಲ್ಲಿ ಬಂದ ‘ಜೇಮ್ಸ್’ ಕಾದಂಬರಿಯಲ್ಲಿ ಪರ್ಸಿವಲ್ ಎವೆರೆಟ್ ಜಿಮ್‌ನಿಂದಲೇ ಕಥೆ ಹೇಳಿಸಿದ್ದಾರೆ. ಅದನ್ನು ನಿಮ್ಮ ಅರ್ಧ ಪುಟ ಮುಗಿದ ಮೇಲೆ ಓದಿ. ನನ್ನ ಮೊದಲ ಪ್ರಯತ್ನದಲ್ಲಿ ಜಿಮ್ ಸಾಲುಸಾಲಿಗೂ ಹಕ್‌ನ ಉಪಕಾರ ಸ್ಮರಿಸುತ್ತಿದ್ದ. ಹರಿದು ಹಾಕಿದೆ. ಎರಡನೆಯದರಲ್ಲಿ ಅವನು ಹಕ್‌ನ ಹೆಸರೆತ್ತಲಿಲ್ಲ. ಹೆಂಡತಿಯನ್ನು ಕೊಂಡು ಬಿಡಿಸಲು ಎಷ್ಟು ದುಡಿಯಬೇಕು, ಆಮೇಲೆ ಇಬ್ಬರೂ ಸೇರಿ ಮಕ್ಕಳನ್ನು ಬಿಡಿಸಲು ಎಷ್ಟು ಎಂದು ಲೆಕ್ಕ ಹಾಕುತ್ತಾ ಕುಳಿತಿದ್ದ.