ಅಪ್ಪನ ತಿಜೋರಿ ಖಾಲಿ ಮಾಡಿದ್ದು

ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆಗೆ 'ಶೇರ್ ಸಾವಕಾರ್ರ ಮನಿ' ಅಂತಲೇ ಹೆಸರು. ಅಪ್ಪ ಶೇರು ದಲ್ಲಾಳಿ. ಅಂಗಳದಲ್ಲಿ ಎರಡು ಕಾರು, ಗಣೇಶ ಹಬ್ಬಕ್ಕೆ ದೊಡ್ಡ ಪಟ್ಟಿ, ಯಾವ ಮದುವೆಗೆ ಹೋದರೂ ಮುಂದಿನ ಸಾಲಿನಲ್ಲಿ ಕುರ್ಚಿ. ಅಪ್ಪ ತೀರಿಕೊಂಡ ಮೇಲೆ ರಾಮದೇವ ಗಲ್ಲಿಯ ಆಫೀಸು ನನ್ನ ಕೈಗೆ ಬಂತು. ಅಲ್ಲಿನ ತಿಜೋರಿ ತೆಗೆದೆ. ಒಳಗೆ 62 ಲಕೋಟೆ. ಒಂದೊಂದರ ಮೇಲೂ ಅಪ್ಪನ ಅಕ್ಷರದಲ್ಲಿ ಹೆಸರು, ಊರು, ಫೋಲಿಯೋ ನಂಬರ್ (ಕಂಪನಿಯ ದಾಖಲೆಯಲ್ಲಿ ಶೇರುದಾರರ ಖಾತೆ ಸಂಖ್ಯೆ).

ಎಲ್ಲವೂ ಗಿರಾಕಿಗಳ ಶೇರು ಪತ್ರ. ಆಗ ಅಪ್ಪ ಮುಂಬೈಗೆ ಫೋನ್ ಮಾಡಿ ಸೌದಾ ಮಾಡುತ್ತಿದ್ದರು, ಪತ್ರಗಳು ರಾತ್ರಿ ಬಸ್ಸಿಗೆ ಬರುತ್ತಿದ್ದವು. "ನಿಮ್ಮ ಹತ್ರನ ಇರ್ಲಿ ಸಾಹೇಬ್ರ" ಅಂತ ಜನ ಬಿಟ್ಟು ಹೋಗುತ್ತಿದ್ದರಂತೆ. ಶೇರನ್ನು ಕಾಗದದ ಬದಲು ಕಂಪ್ಯೂಟರ್ ಖಾತೆಯಲ್ಲಿ ಇಡಲು ದಾರಿ ಮಾಡಿದ ಡಿಪಾಸಿಟರಿ ಕಾಯ್ದೆ ಬಂದಿದ್ದೇ 1996ರಲ್ಲಿ. ಅದಾದ ಮೇಲೂ ಇವು ಹಾಗೇ ಉಳಿದಿದ್ದವು.

"ಯಾರೂ ಕೇಳಾಕ ಬಂದಿಲ್ಲ, ಸುಮ್ನ ಬಿಡು" ಅಂದರು ಕಾಕಾ. ನನಗೆ ಮನಸ್ಸು ಒಪ್ಪಲಿಲ್ಲ. ನಾವು ಉಂಡದ್ದು ಈ ಜನರ ದಲಾಲಿಯಿಂದ ಅಲ್ವಾ? 2019ರ ಏಪ್ರಿಲ್ 1ರಿಂದ ಕಾಗದದ ಶೇರನ್ನು ಮಾರಿ ಬೇರೆಯವರ ಹೆಸರಿಗೆ ಮಾಡಲು ಬರುವುದಿಲ್ಲ. ಡಿಮ್ಯಾಟ್ ಆಗದಿದ್ದರೆ, ಅಂದರೆ ಕಾಗದದ ಶೇರು ಕಂಪ್ಯೂಟರ್ ಖಾತೆಗೆ ಸೇರದಿದ್ದರೆ, ಅವರು ಅದನ್ನು ಮಾರಿ ದುಡ್ಡು ಮಾಡಿಕೊಳ್ಳಲು ಆಗುವುದಿಲ್ಲ.

ಮೊದಲು ಒಂದು ನೋಟ್‌ಬುಕ್ ಮಾಡಿದೆ. ಎಷ್ಟೋ ಕಂಪನಿಗಳ ಹೆಸರೇ ಬದಲಾಗಿತ್ತು, ಕೆಲವು ಬೇರೆ ಕಂಪನಿಯಲ್ಲಿ ಸೇರಿಹೋಗಿದ್ದವು. ಈಗಿನ ಹೆಸರು, ಅದರ ರಿಜಿಸ್ಟ್ರಾರ್ (ಕಂಪನಿಯ ಪರವಾಗಿ ಶೇರುದಾರರ ದಾಖಲೆ ಇಡುವವರು) ಯಾರು ಅಂತ ಹುಡುಕಿ ಬರೆದುಕೊಂಡೆ. ಆಮೇಲೆ ಮನೆ ಮನೆಗೆ ಹೋದೆ.

ಬೈಲಹೊಂಗಲದ ನಿವೃತ್ತ ಮಾಸ್ತರರ ಕೆಲಸಕ್ಕೆ ಎಲ್ಲಕ್ಕಿಂತ ಜಾಸ್ತಿ ದಿನ ಹಿಡಿಯಿತು. 1993ರ ಅವರ ಸಹಿ ಶಾಯಿ ಪೆನ್ನಿನದು, ಕೊನೆಯ ಅಕ್ಷರದ ಬಾಲ ಕೆಳಗಿಳಿದು ಹೆಸರಿನ ಉದ್ದಕ್ಕೂ ಗೆರೆಯಾಗಿತ್ತು. ಈಗ ಆ ಗೆರೆ ಅರ್ಧಕ್ಕೇ ನಿಲ್ಲುತ್ತದೆ. "ಆಗ ಕೈ ನಡಗ್ತಿರ್ಲಿಲ್ಲ ತಂಗಿ" ಅಂದರು. ಸಹಿ ಹಳೆಯದಕ್ಕೆ ಹೊಂದುವುದಿಲ್ಲ ಅಂತ ರಿಜಿಸ್ಟ್ರಾರ್ ಕಡೆಯಿಂದ ಅರ್ಜಿ ವಾಪಸ್ ಬಂತು. ಸಹಿ ಇವರದೇ ಅಂತ ಬ್ಯಾಂಕು ದೃಢೀಕರಿಸುವ ಐಎಸ್‌ಆರ್-2 ಫಾರ್ಮ್ ಹಿಡಿದು ಅವರನ್ನು ಅವರ ಬ್ಯಾಂಕಿಗೆ ಕರೆದುಕೊಂಡು ಹೋದೆ. ಮ್ಯಾನೇಜರ್ ಎದುರಿಗೇ ಸಹಿ ಮಾಡಿಸಿ, ದೃಢೀಕರಿಸಿ, ಸೀಲು ಹಾಕಿಸಿ ಮತ್ತೆ ಕಳಿಸಿದೆ. ಒಪ್ಪಿದರು. ಮಾಸ್ತರರಿಗೆ ಡಿಮ್ಯಾಟ್ ಖಾತೆ ತೆಗೆಸುವಾಗ ಪತ್ರದಲ್ಲಿದ್ದಂತೆಯೇ ಹೆಸರು ಇರುವಂತೆ ನೋಡಿಕೊಂಡೆ. ಜಂಟಿ ಹೆಸರಿದ್ದರೆ ಯಾರು ಮೊದಲು, ಯಾರು ನಂತರ ಅನ್ನುವುದೂ ಅಷ್ಟೇ ಮುಖ್ಯ. ಬೇರೆ ಒಂದು ಮನೆಯಲ್ಲಿ ಇದನ್ನು ಗಮನಿಸದೆ ಎರಡು ತಿಂಗಳು ಹಾಳು ಮಾಡಿದೆ, ತಪ್ಪು ನನ್ನದೇ.

ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಕಾಗದ ಬೇಕು. ಆಗ ಅವರಿಗೆ ಹೊಸ ಶೇರು ಪತ್ರ ಕೊಡುತ್ತಿರಲಿಲ್ಲ, ಕೈಗೆ ಬರುತ್ತಿದ್ದುದು ದೃಢೀಕರಣ ಪತ್ರ. 120 ದಿನದೊಳಗೆ ಅದನ್ನು ಡಿಮ್ಯಾಟ್‌ಗೆ ಕೊಡಬೇಕಿತ್ತು. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಬರೆಯುತ್ತಿದ್ದೆ. ಏಳು ವರ್ಷ ಸತತವಾಗಿ ಡಿವಿಡೆಂಡ್ (ಲಾಭದ ಪಾಲು) ಪಡೆಯದ ಶೇರುಗಳು ಹೂಡಿಕೆದಾರರ ಶಿಕ್ಷಣ ಮತ್ತು ರಕ್ಷಣೆಗಾಗಿ ಇರುವ ಸರ್ಕಾರದ ಐಇಪಿಎಫ್ ನಿಧಿಗೆ ಹೋಗಿದ್ದವು. ಅವನ್ನು ವಾಪಸ್ ಪಡೆಯಲು ಐಇಪಿಎಫ್-5 ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಕಾಗದಗಳನ್ನು ಕಂಪನಿಯಲ್ಲಿ ಈ ಕೆಲಸ ನೋಡಿಕೊಳ್ಳುವ ನೋಡಲ್ ಅಧಿಕಾರಿಗೆ ಕಳಿಸಬೇಕು. ಅಲ್ಲಿ ತಾಳ್ಮೆ ಬೇಕು.

ಯಾರ ಹತ್ತಿರವೂ ಇದಕ್ಕೆ ದುಡ್ಡು ತಗೊಂಡಿಲ್ಲ. ಮಾಸ್ತರರ ಮೊಬೈಲಿಗೆ ಶೇರು ಜಮೆಯಾದ ಮೆಸೇಜ್ ಬಂದ ದಿನ ಫೋನ್ ಮಾಡಿದರು. ಅದನ್ನು ಓದಿ ಹೇಳುವಾಗ ಅವರ ದನಿಯೂ ನಡುಗುತ್ತಿತ್ತು.

ತಿಜೋರಿಯಲ್ಲಿ ಇನ್ನು ನಾಲ್ಕು ಲಕೋಟೆ ಉಳಿದಿವೆ. ಒಂದರ ಮೇಲೆ ಖಾನಾಪುರದ ವಿಳಾಸ ಇದೆ, ಬರೆದ ಪತ್ರ ಎರಡು ಸಲ ವಾಪಸ್ ಬಂದಿದೆ. ಈ ಭಾನುವಾರ ನಾನೇ ಹೋಗಿ ಕೇಳಿ ಬರುತ್ತೇನೆ.