ಸ್ಟ್ರಾಂಗ್ ಕ್ರಾಫ್ಟ್ ಬಿಯರ್ ರುಚಿ ನೋಡಿ ಬರೆಯುವುದು ಹೇಗೆ?

ಕಾರವಾರದ ಸೆಕೆಗೆ ಬಿಯರ್ ಅಂದರೆ ಫ್ರಿಜ್‌ನಿಂದ ತೆಗೆದ ಕೂಡಲೇ ಗಟಗಟ ಕುಡಿಯುವಂಥದ್ದು. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಹಗುರ ಲಾಗರ್ ಬಿಯರ್‌ಗೆ ಅದೇ ಸರಿ. ಆದರೆ ಶೇ 8ರಿಂದ 12ರಷ್ಟು ಆಲ್ಕೋಹಾಲ್ ಇರುವ ಕ್ರಾಫ್ಟ್ ಬಿಯರ್‌ಗೆ, ಅಂದರೆ ಚಿಕ್ಕ ತಯಾರಕರ ಬಿಯರ್‌ಗೆ, ಈ ಅಭ್ಯಾಸ ಆಗಿಬರುವುದಿಲ್ಲ. ಸ್ವಲ್ಪವೇ ಸುರಿದುಕೊಂಡು, ತಣುಪು ಇಳಿಯುವವರೆಗೆ ಕಾಯಬೇಕು. ತೀರಾ ತಣ್ಣಗಿದ್ದರೆ ಒಳ್ಳೆಯದರ ಪರಿಮಳವೂ ತಿಳಿಯದು, ಕೆಟ್ಟದ್ದರ ದೋಷವೂ ತಿಳಿಯದು.

ನಮ್ಮ ಅಂಗಡಿಗಳ ‘ಸ್ಟ್ರಾಂಗ್’ ಬಿಯರ್ ಬೇರೆ. ಭಾರತದ ಆಹಾರ ಸುರಕ್ಷತಾ ನಿಯಮದಂತೆ ಶೇ 5 ದಾಟಿ 8ರವರೆಗಿನ ಬಿಯರ್ ಸ್ಟ್ರಾಂಗ್. ಅದರಲ್ಲಿ ಹೆಚ್ಚಿನವು ತಿಳಿಬಣ್ಣದ ಲಾಗರ್. ಇಂಪೀರಿಯಲ್ ಸ್ಟೌಟ್, ಬಾರ್ಲಿವೈನ್, ಬೆಲ್ಜಿಯಂನ ಟ್ರಿಪೆಲ್, ಜರ್ಮನಿಯ ಡಾಪಲ್‌ಬಾಕ್ ಎಂಬ ಬಗೆಯ ಬಿಯರ್‌ಗಳ ದಾರಿಯೇ ಬೇರೆ. ಟ್ರಿಪೆಲ್‌ಗೆ ಸಕ್ಕರೆಯೂ ಬೀಳುತ್ತದೆ. ಉಳಿದವುಗಳ ಬಲ ಮುಖ್ಯವಾಗಿ ಮಾಲ್ಟ್‌ನಿಂದಲೇ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದಲೇ, ಬರುತ್ತದೆ. ಮಾಲ್ಟ್ ಜಾಸ್ತಿ ಆದಾಗ ಯೀಸ್ಟ್‌ಗೆ ಸಿಗುವ ಸಿಹಿ ಜಾಸ್ತಿ, ಹಾಗಾಗಿ ಆಲ್ಕೋಹಾಲೂ ಜಾಸ್ತಿ, ರುಚಿಯೂ ದಟ್ಟ.

ಕೊಳ್ಳುವಾಗ ತಯಾರಾದ ದಿನಾಂಕ ನೋಡಿ. ಹಾಪ್ಸ್ (ಬಿಯರ್‌ಗೆ ಕಹಿ, ಪರಿಮಳ ಕೊಡುವ ಹೂವು) ಹೆಚ್ಚು ಬಿದ್ದ ಡಬಲ್ ಐಪಿಎ ಬಿಯರ್‌ನ ಪರಿಮಳ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ, ಅದನ್ನು ಹೊಸದಾಗಿಯೇ ಕುಡಿಯಬೇಕು. ಇಂಪೀರಿಯಲ್ ಸ್ಟೌಟ್, ಬಾರ್ಲಿವೈನ್ ವರ್ಷ ಕಳೆದರೂ ಚೆನ್ನಾಗಿರುತ್ತವೆ. ಗೋವಾದಲ್ಲಿ ಕಂಡ ಬಾಟಲಿಯನ್ನು ಪರ್ಮಿಟ್ ಇಲ್ಲದೆ ಗಡಿಯ ಮಾಜಾಳಿ ಚೆಕ್‌ಪೋಸ್ಟ್ ದಾಟಿಸಬೇಡಿ, ಅದು ಅಪರಾಧ. ಅಲ್ಲಿಯದನ್ನು ಅಲ್ಲೇ ರುಚಿ ನೋಡಿ ಬನ್ನಿ.

ಗ್ಲಾಸ್ ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿರಲಿ. ಮನೆಯಲ್ಲಿರುವ ವೈನ್ ಗ್ಲಾಸ್ ಸಾಕು. ಮೀನಿನ ಪಾತ್ರೆ ತಿಕ್ಕಿದ ಸ್ಕ್ರಬ್ಬರ್ ಮಾತ್ರ ಅದಕ್ಕೆ ತಾಗದಿರಲಿ. ಜಿಡ್ಡು ಉಳಿದರೆ ನೊರೆ ನಿಲ್ಲುವುದಿಲ್ಲ, ವಾಸನೆ ಉಳಿದರೆ ಉಳಿದದ್ದೆಲ್ಲ ವ್ಯರ್ಥ. 60ರಿಂದ 100 ಮಿಲಿ ಸುರಿದುಕೊಳ್ಳಿ. ಸುಮಾರು 10ರಿಂದ 13 ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಸರಿ. ಕಾರವಾರದ ಮೇ ತಿಂಗಳಲ್ಲಿ ಬೇಗ ಬರುತ್ತದೆ, ಶಿರಸಿಯ ಚಳಿಗಾಲದಲ್ಲಿ ತಡವಾಗುತ್ತದೆ. ಥರ್ಮಾಮೀಟರ್ ಬೇಡ, ಗ್ಲಾಸನ್ನು ಅಂಗೈಯಲ್ಲಿ ಹಿಡಿದು ಕಾಯಿರಿ.

ಬಣ್ಣ, ನೊರೆ ಒಂದು ಸಲ ನೋಡಿ ಬರೆದುಕೊಳ್ಳಿ, ಅಷ್ಟೇ. ಆಲ್ಕೋಹಾಲ್ ಹೆಚ್ಚಿರುವ ಬಿಯರಲ್ಲಿ ನೊರೆ ಬೇಗ ಕುಸಿಯುವುದು ಸಹಜ, ಅದಕ್ಕೆ ಅಂಕ ಕಡಿಯಬೇಡಿ.

ನಿಜವಾದ ಕೆಲಸ ಮೂಗಿನದ್ದು. ಗ್ಲಾಸ್ ಮೆಲ್ಲಗೆ ತಿರುಗಿಸಿ, ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ ಮೂಸಿ. ಮೂಗು ದಣಿದರೆ ನಿಮ್ಮ ಅಂಗಿಯ ತೋಳನ್ನೇ ಮೂಸಿ, ಮತ್ತೆ ಬನ್ನಿ. ಲೇಬಲ್ ಮೇಲಿನ ‘ಟಾಫಿ, ಡಾರ್ಕ್ ಫ್ರೂಟ್’ ನಕಲು ಮಾಡಬೇಡಿ. ನಿಮ್ಮ ಮೂಗಿಗೆ ಗೊತ್ತಿರುವುದನ್ನೇ ಬರೆಯಿರಿ. ಡಾಪಲ್‌ಬಾಕ್‌ನಲ್ಲಿ ಜೋನಿಬೆಲ್ಲ ಸಿಗಬಹುದು. ಸ್ಟೌಟ್‌ನಲ್ಲಿ ಹುರಿದ ಕಾಫಿ, ಖರ್ಜೂರ. ಬೆಲ್ಜಿಯಂನ ಯೀಸ್ಟ್ ಲವಂಗ, ಕಾಳುಮೆಣಸು, ಕೆಲವೊಮ್ಮೆ ಬಾಳೆಹಣ್ಣಿನ ವಾಸನೆ ಕೊಡುತ್ತದೆ, ಆ ಮಸಾಲೆಗಳನ್ನು ಯಾರೂ ಹಾಕದಿದ್ದರೂ. ಕೆಲವು ಹಾಪ್ಸ್ ಮಾವಿನ ಹಣ್ಣನ್ನು ನೆನಪಿಸುತ್ತವೆ. ಇಶಾಡ್ ಮಾವು ತಿಂದು ಬೆಳೆದ ಅಂಕೋಲೆಯವರಿಗೆ ಇದು ಬೇಗ ಸಿಗುತ್ತದೆ. ಮಲೆನಾಡಿನ ಅಡುಗೆಮನೆಯಲ್ಲಿ ಬೆಳೆದ ಮೂಗು ಯಾವ ಪಟ್ಟಣದ ಮೂಗಿಗೂ ಕಡಿಮೆಯಲ್ಲ.

ಈಗ ಒಂದು ಗುಟುಕು. ಬಾಯಲ್ಲೆಲ್ಲ ಹರಡಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ಪರಿಮಳದ ಅರ್ಧ ಅಲ್ಲೇ ಸಿಗುತ್ತದೆ. ಮೊದಲು ಸಿಹಿ, ಆಮೇಲೆ ಕಹಿ, ಕೊನೆಗೆ ಬಿಸಿ. ಈ ಬಿಸಿಯೇ ಸ್ಟ್ರಾಂಗ್ ಬಿಯರ್‌ನ ಪರೀಕ್ಷೆ. ಒಳ್ಳೆಯದಾದರೆ ಎದೆಯಲ್ಲಿ ಮೆಲ್ಲಗೆ ಹಬ್ಬುತ್ತದೆ. ಗಂಟಲು ಉರಿದು ಪೇಂಟ್ ಥಿನ್ನರ್ ವಾಸನೆ ಬಂದರೆ, ಹುದುಗುವಾಗ ಸೆಕೆ ಜಾಸ್ತಿಯಾಗಿರುವ ಸಾಧ್ಯತೆ ಹೆಚ್ಚು. ಶೇ 11 ಇದ್ದೂ ‘ಇಷ್ಟಿದೆಯಾ?’ ಅನ್ನಿಸುವ ಬಿಯರೇ ಕೈಪಳಗಿದವರ ಕೆಲಸ.

ದೋಷಗಳಲ್ಲಿ ನಾಲ್ಕನ್ನು ಕಲಿತರೆ ಸಾಕು. ಒದ್ದೆ ರಟ್ಟಿನ ವಾಸನೆ ಅಂದರೆ ಗಾಳಿ ತಾಗಿ ಹಳತಾಗಿದೆ. ಬೇಯಿಸಿದ ಜೋಳದ ವಾಸನೆ ಅಥವಾ ಬೆಣ್ಣೆಯ ಜಿಗುಟು ಎದ್ದುಕಂಡರೆ ತಯಾರಿಕೆಯಲ್ಲಿ ಎಡವಟ್ಟಾಗಿದೆ. ಸುಟ್ಟ ರಬ್ಬರ್‌ನಂಥ ನಾತ ಬಂದರೆ ಬಿಸಿಲು ಬಿದ್ದಿದೆ. ಬೆಳಕು ಹಾಪ್ಸ್‌ನ ಕಹಿ ಅಂಶವನ್ನು ಕೆಡಿಸುತ್ತದೆ, ಹಸಿರು ಬಾಟಲಿ ಅದನ್ನು ತಡೆಯುವುದಿಲ್ಲ.

ಹತ್ತು ನಿಮಿಷ ಬಿಟ್ಟು ಮತ್ತೆ ರುಚಿ ನೋಡಿ. ಬೆಚ್ಚಗಾದಂತೆ ಏನು ಬದಲಾಯಿತು ಎಂಬುದು ವಿಮರ್ಶೆಯಲ್ಲಿ ಇರಲೇಬೇಕು, ಹೆಚ್ಚಿನವರು ಬಿಡುವುದೂ ಅದನ್ನೇ. ಹಲವು ಬಿಯರ್ ಇದ್ದರೆ ಕಡಿಮೆ ಬಲದಿಂದ ಶುರು ಮಾಡಿ, ನಡುವೆ ನೀರು ಕುಡಿಯಿರಿ. ಸುಂಗಟಾ (ಸಿಗಡಿ) ಮಸಾಲೆ ಆಮೇಲೆ ತಿನ್ನಿ. ಶೇ 10ರ ಒಂದು 330 ಮಿಲಿ ಬಾಟಲಿಯಲ್ಲಿ ಶೇ 5ರ ಎರಡು ಬಾಟಲಿಯಷ್ಟು ಆಲ್ಕೋಹಾಲ್ ಇರುತ್ತದೆ. ಇಬ್ಬರು ಹಂಚಿಕೊಳ್ಳಿ. ಅವತ್ತು ದೇವಿಮನೆ ಘಾಟಿಯ ಕಡೆ ಸ್ಟೀರಿಂಗ್ ಹಿಡಿಯಬೇಡಿ.

ಅಂಕ ಕೊಡುವುದಾದರೆ ಬಿಯರ್ ಸ್ಪರ್ಧೆಗಳ ಬಿಜೆಸಿಪಿ ಪದ್ಧತಿ ಅನುಕೂಲ. ಒಟ್ಟು 50: ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ತಾಗುವ ಅನುಭವಕ್ಕೆ 5, ಒಟ್ಟಾರೆಗೆ 10. ‘ಚೆನ್ನಾಗಿ ಮಾಡಿದ್ದಾರೆ’ ಮತ್ತು ‘ನನಗೆ ಇಷ್ಟವಾಯಿತು’ ಎರಡನ್ನೂ ಬೇರೆ ಬೇರೆ ಸಾಲಲ್ಲಿ ಬರೆಯಿರಿ. ಸಿಹಿ ಇಷ್ಟವಿಲ್ಲ ಅಂತ ಬಾರ್ಲಿವೈನ್‌ಗೆ ಅಂಕ ಕಡಿದರೆ ಅನ್ಯಾಯ ಅಲ್ವಾ? ‘ಸೂಪರ್’ ಅಂತ ಬರೆದರೆ ಓದುಗರಿಗೆ ಏನೂ ಸಿಗದು. ‘ತಣ್ಣಗಿದ್ದಾಗ ಬರೀ ಕಾಫಿ, ಬೆಚ್ಚಗಾದ ಮೇಲೆ ಖರ್ಜೂರ, ಕೊನೆಯಲ್ಲಿ ಗಂಟಲು ಸ್ವಲ್ಪ ಉರಿ’ ಅಂತ ಬರೆಯಿರಿ. ಅದನ್ನು ಓದಿ ಇನ್ನೊಬ್ಬರು ಆ ಬಾಟಲಿ ಕೊಳ್ಳಬೇಕೋ ಬೇಡವೋ ತೀರ್ಮಾನಿಸಬಹುದು.